ಗುತ್ತಿಗೆದಾರನಿಲ್ಲದ ಬಚ್ಚಲುಮನೆ

ಬಚ್ಚಲುಮನೆ ಹೊಸದು ಮಾಡಲು ಗುತ್ತಿಗೆದಾರ ಪ್ಯೊ ಕೊಟ್ಟ ಅಂದಾಜುಪಟ್ಟಿಯಲ್ಲಿ ಟೈಲ್ಸು, ನಲ್ಲಿ, ಬಾಗಿಲು, ಕಸ ಸಾಗಿಸುವ ಕೂಲಿ ಎಲ್ಲವನ್ನೂ ತಾಕ್ ಗುಮೋಕ್ ತಕರಾರಿಲ್ಲದೆ ಓದಿದಳು. ಕೊನೆಯ ಸಾಲಿಗೆ ಬಂದಾಗ ಕನ್ನಡಕ ಹಣೆಗೇರಿತು.

“ಇದೇನ್ರೀ ಯಜಮಾನ್ರೇ? ಮೇಲ್ವಿಚಾರಣೆ ಮತ್ತು ಲಾಭ, ನೂರಕ್ಕೆ ಹದಿನೈದು! ನೀವೇನು ಟೈಲ್ಸ್ ಹಾಕ್ತೀರಾ?”

“ಇಲ್ಲ.”

“ಪೈಪ್ ಜೋಡಿಸ್ತೀರಾ?”

“ಇಲ್ಲ ಯಜಮಾನ್ರೇ. ಜನಾನ ಕರೆಸ್ತೀನಿ. ಆಮೇಲೆ ಬೈಸ್ಕೋತೀನಿ.”

“ಬೈಸ್ಕೊಳ್ಳೋಕೂ ದುಡ್ಡಾ? ಇಂಚನ್ ಮಾರ್ಕೆಟ್ಟಲ್ಲಿ ಕಿಮ್ಚಿ ಉಪ್ಪಿನಕಾಯಿ ಮಾರ್ಕೊಂಡು ಇಷ್ಟು ವರ್ಷ ಪುಕ್ಕಟೆ ಬೈಸ್ಕೊಂಡಿದೀನಿ ನಾನು.”

ಕೊರಿಯಾದ ಆ ಊರಲ್ಲಿ ಒಂದು ಅಂಗಡಿ ಇದ್ದವರೆಲ್ಲ ಪರಸ್ಪರ ಯಜಮಾನರೇ. ಪ್ಯೊ ನಕ್ಕು, “ಹೆಂಗಸರ ಕೈಲಾಗೋ ಕೆಲಸ ಅಲ್ಲ ಬಿಡಿ” ಎಂದ. ಅಷ್ಟು ಹೇಳದಿದ್ದರೆ ಬಹುಶಃ ಕೆಲಸ ಅವನಿಗೇ ಸಿಗುತ್ತಿತ್ತು. ಗುಮೋಕ್ ಎದ್ದು ಬಾಗಿಲು ತೆರೆದು, ಅವನ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟಳು.

ಅವರ ಅಪಾರ್ಟ್‌ಮೆಂಟಿನಲ್ಲಿ ಸುತ್ತಿಗೆ ಎತ್ತುವ ಮೊದಲು ನೆರೆಯವರ ರುಜು ಬೇಕು. ಗದ್ದಲದ ದಿನಗಳು ಯಾವುವೆಂದು ಲಿಫ್ಟಿನೊಳಗೆ ಅಂಟಿಸಲೂಬೇಕು. ಕೆಲಸ ತಾನೇ ನಿಂತು ಮಾಡಿಸುವುದೆಂದು ಗುಮೋಕ್ ಮನೆಗೊಂದರಂತೆ ಮುನಿಸಿಪಾಲಿಟಿಯ ಕಸದ ಚೀಲಗಳ ಸುರುಳಿ ಹಿಡಿದು ಹೊರಟಳು. ಹಾಗೆ ಕೊಡುವುದು ಅಲ್ಲಿಯ ಮರ್ಯಾದೆ. ಎಲ್ಲರೂ ಚೀಲ ತೆಗೆದುಕೊಂಡು ರುಜು ಹಾಕಿದರು. ನೇರ ಕೆಳಗಿನ ಮನೆಯ, ನಿವೃತ್ತ ಶಿಕ್ಷಕಿ ಮೇಂಗ್ ಮಾತ್ರ ಚೀಲ ತೆಗೆದುಕೊಂಡು ಪೆನ್ನು ವಾಪಸು ಕೊಟ್ಟಳು.

“ಕಂಟ್ರಾಕ್ಟರುಗಳು ಹತ್ತು ದಿನ ಅಂತ ಬರೀತಾರೆ. ನನ್ನ ತಲೆ ಅಷ್ಟು ಗಟ್ಟಿ ಇಲ್ಲ.”

“ನಾನು ನಾಲ್ಕೇ ದಿನದಲ್ಲಿ ಮುಗಿಸ್ತೀನಿ ಅಕ್ಕಾ.”

“ಬರ್ದು ಹಾಕ್ತೀಯಾ?”

“ಲಿಫ್ಟಲ್ಲೇ ಹಾಕ್ತೀನಿ!”

ಗುಮೋಕ್ ಹಾಕಿದಳು, ನಾಲ್ಕೇ ದಿನ ಎಂದು ದೊಡ್ಡ ಅಕ್ಷರದಲ್ಲಿ. ಮೇಂಗ್ ಆಗ ರುಜು ಹಾಕಿದಳು.

ಹಳೆಯ ನೆಲ ಒಡೆದದ್ದಾಯಿತು, ನೀರು ಸೋರದ ಲೇಪ ಬಳಿದದ್ದಾಯಿತು. ಲೇಪದವನು ಹೊರಡುವಾಗ, “ಎರಡು ದಿನ ನೆಲದ ಮೇಲೆ ನೀರು ತುಂಬಿಸಿಡಿ. ಕೆಳಗಿನ ಮನೆ ಸೀಲಿಂಗ್ ನೆನೀಲಿಲ್ಲ ಅಂದ್ರೆ ಟೈಲ್ಸ್ ಹಾಕ್ಸಿ” ಎಂದ. ಎರಡು ದಿನ ಕಾದರೆ ಟೈಲ್ಸ್ ಕೊಯ್ಯುವ ಗದ್ದಲ ಲಿಫ್ಟಿನಲ್ಲಿ ಬರೆದ ನಾಲ್ಕು ದಿನವನ್ನು ಮೀರುತ್ತಿತ್ತು. ಗುಮೋಕ್ ಮರುದಿನವೇ ಟೈಲ್ಸಿನವನನ್ನು ಒಳಗೆ ಬಿಟ್ಟಳು. “ಹಾಕು ಅಂದ್ರೆ ಹಾಕ್ತೀನಿ, ನನಗೇನು” ಎಂದು ಅವನು ಹಾಕಿದ. ತಿಳಿಹಸಿರು ಟೈಲ್ಸು, ಎಳೆ ಸೌತೆಯ ಬಣ್ಣ. ನಾಲ್ಕನೆಯ ದಿನ ಸಂಜೆ ಕೆಲಸ ಮುಗಿಯಿತು. ಆ ಸಂಜೆ ಯಾವ ಕೆಲಸವೂ ಇಲ್ಲದೆ ಅವಳು ತನ್ನ ಕಾಗದ ನೋಡಿಕೊಳ್ಳುತ್ತ ಲಿಫ್ಟಿನಲ್ಲಿ ಎರಡು ಸಲ ಮೇಲೆ ಕೆಳಗೆ ಓಡಾಡಿದಳು.

ವಾರ ಕಳೆಯುವಷ್ಟರಲ್ಲಿ ಮೇಂಗ್‌ಳ ಬಚ್ಚಲುಮನೆಯ ಚಾವಣಿ ತೊಟ್ಟಿಕ್ಕತೊಡಗಿತು.

“ಟೈಲ್ಸಿನವನು ಲೇಪ ಕಿತ್ತಿರ್ತಾನೆ” ಎಂದ ಲೇಪದವನು. “ನೀರು ನಿಲ್ಲಿಸಿ ನೋಡ್ದೆ ಹಾಕ್ಸಿದ್ದು ಯಾರು?” ಎಂದ ಟೈಲ್ಸಿನವನು. ಇಬ್ಬರೂ ಫೋನಿಟ್ಟ ಮೇಲೆ ಉಳಿದವಳು ಗುಮೋಕ್ ಒಬ್ಬಳೇ. ನೂರಕ್ಕೆ ಹದಿನೈದು ಯಾವುದರ ಬೆಲೆ ಎಂದು ಅವಳಿಗೆ ಆಗ ತಿಳಿಯಿತು. ಅವಸರ ಮಾಡಬೇಡ ಎಂದು ಗದರುವ ಒಂದು ಬಾಯಿ. ಎಲ್ಲರ ಬೆರಳೂ ಬಂದು ಚುಚ್ಚಲಿಕ್ಕೆ ಒಂದು ಬಾಡಿಗೆ ಮುಖ.

ಸುದ್ದಿ ಪ್ಯೊಗೂ ಮುಟ್ಟಿತ್ತು. “ನಾನು ಬಂದು ನಿಂತ್ಕೊಳ್ಳಲಾ ಯಜಮಾನ್ರೇ? ಈಗಾದ್ರೆ ನೂರಕ್ಕೆ ಇಪ್ಪತ್ತಾಗುತ್ತೆ.”

“ನಿಮ್ಮ ರೇಟು ನ್ಯಾಯವಾಗೇ ಇದೆ. ಅವತ್ತೂ ನ್ಯಾಯವಾಗೇ ಇತ್ತು. ಆದ್ರೂ ಬೇಡ. ನನ್ನ ಮುಖ ಇನ್ನೂ ಸವೆದಿಲ್ಲ.”

ಲಿಫ್ಟಿಗೆ ಹೋಗಿ ಹೊಸ ಕಾಗದ ಅಂಟಿಸಿದಳು: “ಏಳನೇ ಮಹಡಿಯಲ್ಲಿ ಮತ್ತೆ ಒಡೆಯಲಾಗುವುದು. ಹತ್ತು ದಿನ ಗದ್ದಲ. ತಪ್ಪು ನನ್ನದು. ಬೈಯುವವರು ಮನೆಗೇ ಬರಬಹುದು.” ಆಮೇಲೆ ಮೆಟ್ಟಿಲಿಳಿದು ಮೇಂಗ್‌ಳ ಗಂಟೆ ಒತ್ತಿದಳು.

“ಎಲ್ಲೇ ನಿನ್ನ ಕಂಟ್ರಾಕ್ಟರು? ಕರೆಸು ಅವನ್ನ!”

“ನಾನೇ.”

“ಹಾಗಾದ್ರೆ ಮನೆ ಯಜಮಾನೀನ ಕರೆಸು!”

“ಅವಳೂ ನಾನೇ ಅಕ್ಕಾ. ಇಬ್ಬರಿಗೂ ಸೇರಿಸಿ ಒಂದೇ ಸಲ ಬೈದ್ಬಿಡಿ. ನಿಮ್ಮ ಸೀಲಿಂಗ್ ಖರ್ಚೂ ನಂದೇ.”

ಮೇಂಗ್ ಶಿಕ್ಷಕಿಯಾಗಿದ್ದವಳು, ಮನಸಾರೆ ಬೈದಳು. ಗುಮೋಕ್ ತಲೆ ತಗ್ಗಿಸದೆ ಕೇಳಿಸಿಕೊಂಡಳು.

ಸೌತೆಬಣ್ಣದ ನೆಲಕ್ಕೆ ಮೊದಲ ಪೆಟ್ಟು ಹಾಕಿದವಳೂ ಅವಳೇ. ಟೈಲ್ಸಿನವನಿಗೆ ತನ್ನ ಕೆಲಸದ ಮೇಲೆ ಕೈಯೇಳಲಿಲ್ಲ. ಮತ್ತೆ ಲೇಪ ಬಿತ್ತು, ಅಂಚಿನ ತನಕ ನೀರು ನಿಂತಿತು. ಆ ಎರಡು ದಿನ ಗುಮೋಕ್ ಕಿಮ್ಚಿ ಅಂಗಡಿ ಮುಚ್ಚಿ, ಮೇಂಗ್‌ಳ ಬಚ್ಚಲುಮನೆಯಲ್ಲಿ ಬೋರಲು ಹಾಕಿದ ಬೋಗುಣಿಯ ಮೇಲೆ ಕುಳಿತು ಚಾವಣಿ ನೋಡಿದಳು. ಎರಡನೆಯ ಮಧ್ಯಾಹ್ನ ಮೇಂಗ್ ಬಾರ್ಲಿ ಚಹಾ ತಂದು ಪಕ್ಕದಲ್ಲಿ ಕುಕ್ಕಿದಳು.

“ಈ ಸಲಾನೂ ಸೋರಿದ್ರೆ?”

“ಮತ್ತೆ ಒಡೀತೀನಿ.”

“ಆಮೇಲೂ ಸೋರಿದ್ರೆ?”

“ಅಕ್ಕಾ, ಸ್ವಲ್ಪ ಈ ಕಡೆ ಸರೀರಿ” ಎಂದಳು ಗುಮೋಕ್. “ಆ ಮೂಲೆ ಕಾಣ್ತಿಲ್ಲ.”