ಐದೇ ನಿಮಿಷ, ಬಂದೆ

ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹಾಕಿ ಹಾಕಿ ಕಣ್ಣು ಮಂಜಾಯಿತು, ಈಗ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಸಾಹಸ. ಓಣಿಯವರೆಲ್ಲ ಕಾಜಾ ಅಕ್ಕ ಎಂದು ಕರೆಯುವ ಅವಳಿಗೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿ ತಂದವಳು ನಾದಿನಿ. ಕಾದು ಕೂತವರಿಗೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರಾಯಿತು. ಕಾಯುವ ವಿಷಯದಲ್ಲಿ ಅವಳಿಗೆ ಹೇಳಿಕೊಡುವುದೇನಿದೆ ಅನ್ನಬೇಡಿ. ಇಂಗ್ಲಿಷಿನಲ್ಲಿ ಕಾಯುವ ರೀತಿಯೇ ಬೇರೆ. ನಾಳೆ ಹತ್ತಕ್ಕೆ ಸಂದರ್ಶನ. ಕೈತಪ್ಪಿದರೆ ಬೇರೆ ದಿಕ್ಕಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ನಾದಿನಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ತಪ್ಪು ಕಂಡರೆ ಬಿಡುವ ಪೈಕಿ ಅಲ್ಲ.

"ಡಾಕ್ಟರು ಬರೋದು ತಡ ಆಗುತ್ತೆ ಅನ್ನೋಕೆ, ಡಾಕ್ಟರ್ ಈಸ್ ರನ್ನಿಂಗ್ ಲೇಟ್ ಅನ್ನಿ ಅತ್ತಿಗೆ."

"ಪಾಪ, ಓಡ್ಕೊಂಡು ಬರ್ತಿದ್ದಾರಾ?"

"ಕಾರಲ್ಲೇ ಬರ್ಲಿ ಬಿಡಿ, ಮಾತಿರೋದೇ ಹಾಗೆ. ಸರಿ, ಒಳಗೆ ಕೇಳ್ಕೊಂಡು ಈಗ್ಬಂದೆ ಅನ್ಬೇಕು. ಹೇಗೆ?"

"ಐ ಕೇಮ್."

"ಅಯ್ಯೋ ರಾಮ! ಐ'ಲ್ ಬಿ ರೈಟ್ ಬ್ಯಾಕ್. ನಾವು ಬಂದೆ ಬಂದೆ ಅಂತೀವಿ, ಬಂದಿರಲ್ಲ. ಹೋದೋರು ನಿಜವಾಗ್ಲೂ ವಾಪಸ್ ಬಂದ್ಮೇಲೇ ಕೇಮ್."

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ನಾಲ್ಕು ವರ್ಷದ ಹಿಂದೆ ಇದೇ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ "ಐದೇ ನಿಮಿಷ, ಬಂದೆ" ಅಂದವನು ನಾದಿನಿಯ ಅಣ್ಣ, ಕಾಜಾ ಅಕ್ಕನ ಗಂಡ. ಹೋದದ್ದು ಗುಂಡಿಯ ಪೊಟ್ಟಣ ತರಲು. ಒಂದು ಪೊಟ್ಟಣಕ್ಕೆ ನಾಲ್ಕು ವರ್ಷ ಬೇಕೇ, ನೀವೇ ಹೇಳಿ! ಹುಡುಕದ ಜಾಗವಿಲ್ಲ, ಕೇಳದ ಜನರಿಲ್ಲ.

ಕಾಜಾ ಅಕ್ಕನಿಗೆ ಈಗ ಅಳು ಬರುತ್ತಿರಲಿಲ್ಲ. ಬರಬೇಕಿತ್ತು ಎಂದು ಅವಳಿಗೂ ಗೊತ್ತು. ಸೂಜಿ ಚುಚ್ಚಿದ ಬೆರಳಿನ ಹಾಗೆ ಮನಸ್ಸೂ ಜಡ್ಡುಗಟ್ಟಿತ್ತು. "ಮುಂದಿನದು ಹೇಳು ಟೀಚರಮ್ಮ" ಅಂದಳು.

ನಾದಿನಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಇನ್ನೂ ಕಾಯ್ತಾ ಇದ್ರೆ, ಐ ಹ್ಯಾವ್ ಬೀನ್ ವೇಟಿಂಗ್. ಕಾಯೋದು ಮುಗಿದಿದ್ರೆ, ಐ ವೇಟೆಡ್."

ಕಾಜಾ ಅಕ್ಕ ಎರಡನ್ನೂ ಹತ್ತತ್ತು ಸಲ ಬಾಯಿಪಾಠ ಮಾಡಿದಳು.

ಮರುದಿನ ಅವಳು ಕ್ಲಿನಿಕ್ಕಿನಿಂದ ಹೊರಬಂದಾಗ ನಾದಿನಿ ಮೆಟ್ಟಿಲ ಬಳಿ ನಿಂತಿದ್ದಳು.

"ಸೋಮವಾರದಿಂದ ಬಾ ಅಂದ್ರು. ನಿಮ್ಮ ಯಜಮಾನರು ಏನ್ಮಾಡ್ತಾರೆ ಅಂತಾನೂ ಕೇಳಿದ್ರು."

"ಏನಂದ್ರಿ?"

"ಹಿ ಸೆಡ್, ಐ'ಲ್ ಬಿ ರೈಟ್ ಬ್ಯಾಕ್. ಐ ವೇಟೆಡ್ ಫಾರ್ ಫೋರ್ ಇಯರ್ಸ್."

"ವೇಟೆಡ್ ಅಲ್ಲ ಅತ್ತಿಗೆ, ಹ್ಯಾವ್ ಬೀನ್..." ಅಭ್ಯಾಸಬಲ, ನಾದಿನಿಯ ಬಾಯಿಂದ ಬಂದೇಬಿಟ್ಟಿತು.

"ಯಾಕೆ, ತಪ್ಪಾಯ್ತಾ?"

ನಾದಿನಿಗೆ ಇದ್ದವನು ಒಬ್ಬನೇ ಅಣ್ಣ. ತಪ್ಪು ಎಂದು ತಾನು ಹೇಳಿದರೆ ಅವನು ಇನ್ನೂ ಬರುವವನು, ಸರಿ ಎಂದರೆ ಕಾಯುವುದು ಮುಗಿದಂತೆ. ಅತ್ತಿಗೆಯ ಮುಖವನ್ನೇ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ.

"ಇಲ್ಲ ಅತ್ತಿಗೆ. ಸರಿಯಾಗೇ ಹೇಳಿದ್ದೀರಿ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಕಾಜಾ ಅಕ್ಕ ಪಕ್ಕದಲ್ಲಿ ಕೂತು, ಅವಳ ಅಳು ಮುಗಿಯಲಿ ಎಂದು ಕಾದಳು.