ದಾರಿಯ ತಿರುವಿನಲ್ಲಿ ಬಿಟ್ಟ ಜಾಗ

ನನ್ನ ಗಂಡ ಲೆಬೆರೆಖ್ಟ್ ಮರ, ಬಂಡೆ, ಮೋಡ ಬರೆಯುವುದರಲ್ಲಿ ಹಾರ್ಟ್ಸ್ ಬೆಟ್ಟದ ಸೀಮೆಗೆಲ್ಲ ಹೆಸರಾದವರು. ಮನುಷ್ಯರನ್ನು ಬರೆಯಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಅದರಲ್ಲಿ ನಾಚಿಕೆಯೇನಿಲ್ಲ. ಬೆಟ್ಟ ಕಣಿವೆ ಬರೆಯುವವರು ಅದರೊಳಗಿನ ಮನುಷ್ಯರನ್ನು ಗೆಳೆಯರಿಂದ ಬರೆಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಇವರಿಗೆ ಗೆಳೆಯ ಆನ್ಸ್‌ಗರ್ ಬರೆದುಕೊಡುತ್ತಿದ್ದ.

“ಇವನು ಬರೆದ ಕುರುಬನನ್ನ ನೋಡಿದ್ರಾ ಮೆಟಾ ಅವರೇ? ಬೇಲಿಗೂಟಕ್ಕೆ ಟೋಪಿ ಹಾಕಿದ ಹಾಗಿದೆ!” ಎಂದು ನಗುತ್ತಿದ್ದ.

“ನಿನ್ನ ಮರ ನೋಡಿದ್ದೀನಿ ಬಿಡಯ್ಯ, ಹೂಕೋಸು!” ಎನ್ನುತ್ತಿದ್ದರು ಇವರು.

ನಮ್ಮ ಮಗಳು ಡೋರ್ಲೆ ಏಳನೆಯ ವರ್ಷಕ್ಕೆ ಗಂಟಲುಮಾರಿಯಿಂದ ದೇವರ ಸನ್ನಿಧಿ ಸೇರಿದಳು. ಚಿತ್ರಗಾರನ ಮನೆಯಲ್ಲಿ ಅವಳದೊಂದು ಚಿತ್ರವಿರಲಿಲ್ಲ. ಆ ಚಳಿಗಾಲ ಇವರು ಬೋಡೆ ಹೊಳೆಯ ದಾರಿಯನ್ನು ಬರೆದರು. ಅವಳು ಹಾಲಿಗೆ ಹೋಗಿಬರುತ್ತಿದ್ದ ದಾರಿ. ತಿರುವಿನಲ್ಲಿ ಹೆಬ್ಬೆರಳಿನಷ್ಟು ಜಾಗ ಬಿಟ್ಟರು.

“ಇಲ್ಲಿ ಅವಳು ಬರ್ತಾಳೆ ಕಣೇ. ಎತ್ತಿ ಆಡಿಸಿದವನು ಆನ್ಸ್‌ಗರ್. ಬೆನ್ನು ಬರೆದ್ರೂ ನಿಂಗೆ ಗುರುತು ಸಿಗುತ್ತೆ.”

ಬಣ್ಣ ನೋಡಿಕೊಳ್ಳಲೆಂದು ಅವಳ ಕೆಂಪು ಕುಲಾವಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದೆ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀಲಿ ದಾರಕ್ಕೆ ಮೂರು ಗಂಟು ಹಾಕಿ, ಗೆಳೆಯನಿಗೆ ಕೊಡಿ ಎಂದು ಇವರ ಕೈಯಲ್ಲಿಟ್ಟೆ.

ಈಸ್ಟರ್ ಕಳೆದ ಭಾನುವಾರ, ಆರಾಧನೆ ಮುಗಿಸಿಕೊಂಡು, ಕಲಾಸಂಘದ ಪ್ರದರ್ಶನಕ್ಕೆ ಹೋದೆ. ಇವರ ಚಿತ್ರದಲ್ಲಿ, ಆ ತಿರುವಿನಲ್ಲಿ ಒಬ್ಬ ಬೇಟೆಗಾರ ನಿಂತಿದ್ದ. ಅವನ ಕಾಲ ಬಳಿ ಕಂದು ನಾಯಿ.

ಆನ್ಸ್‌ಗರ್ ಪಕ್ಕದಲ್ಲೇ ಇದ್ದ. “ನನ್ನ ಮಗಳೆಲ್ಲಿ?” ಎಂದೆ.

“ಮಗಳಾ?” ಅವನು ಚಿತ್ರದತ್ತ ತಿರುಗಿದ. “ಬೇಟೆಗಾರನ್ನ ಬರಿ ಅಂದಿದ್ದು ಲೆಬೆರೆಖ್ಟ್. ಸಂಘದವರಿಗೆ ಅದೇ ಇಷ್ಟ ಅಂದ.”

“ಕುಲಾವಿ ಕಳಿಸಿದ್ದೆನಲ್ಲ?”

“ಯಾವ ಕುಲಾವಿ?”

ಇವರು ಓಡಿಬಂದು ನನ್ನ ತೋಳು ಹಿಡಿದರು. “ಜನ ನೋಡ್ತಿದ್ದಾರೆ ಕಣೇ, ಮನೆಗೆ ನಡಿ. ನಿನಗೆ ಅಂತಲೇ ಇನ್ನೊಂದು ಬರೆಸ್ತೀನಿ.”

ಮನೆಗೆ ಬಂದು ಇವರ ಬಣ್ಣದ ಪೆಟ್ಟಿಗೆ ತೆರೆದೆ. ತಳದಲ್ಲಿ, ಹಳೆಯ ಕುಂಚಗಳ ಕೆಳಗೆ ಆ ಬಟ್ಟೆ ಇತ್ತು. ನಾನು ಹಾಕಿದ ಮೂರು ಗಂಟೂ ಹಾಗೆಯೇ ಇದ್ದವು.

ಇನ್ನೊಂದು ಚಿತ್ರ ಆಗಲಿಲ್ಲ. ಹೋದ ಅಕ್ಟೋಬರಿನಲ್ಲಿ ಇವರೂ ತೀರಿಕೊಂಡರು. ಶವಪೆಟ್ಟಿಗೆ ಮುಚ್ಚುವ ಮುಂಚೆ ಪಾದ್ರಿಯವರ ಹೆಂಡತಿ ನನ್ನ ಕಿವಿಯಲ್ಲಿ, “ಮಗೂದು ಏನಾದ್ರೂ ಇದ್ರೆ ಜೊತೇಲಿಡಿ ಮೆಟಾ, ಅಪ್ಪನ ಕೈಲಿ ತಲುಪುತ್ತೆ,” ಎಂದರು.

ನಾನು ಕುಂಚಗಳನ್ನು ಇಟ್ಟೆ. ಕುಲಾವಿಯ ಆ ಗಂಟನ್ನು ಇನ್ನೊಮ್ಮೆ ಇವರ ಕೈಗೆ ಕೊಡಲು ನನ್ನಿಂದಾಗಲಿಲ್ಲ. ದೇವರು ನನ್ನನ್ನು ಮನ್ನಿಸಲಿ.