ತಮ್ಮನ ಕೊನೆಯ ಫೋಟೋ

ಬೆಳಗಿನ ರೌಂಡ್ಸ್ ಮುಗಿಸಿ ಡಾಕ್ಟರು ಆಚೆ ಹೋದ ಮೇಲೆಯೇ ಆ ವಾರ್ಡಿನ ನರ್ಸುಗಳಿಗೆ ಟೀ. ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ನರ್ಸು ಲೋಟ ಬಾಯಿಗಿಟ್ಟಿದ್ದಳಷ್ಟೇ, ಹೊಸದಾಗಿ ಸೇರಿದ್ದ ಹುಡುಗಿ ಫೋನು ಮುಂದೆ ಹಿಡಿದಳು.

“ಅಯ್ಯೋ, ಇದನ್ನ ನೋಡಕ್ಕ, ಕರುಳು ಕಿತ್ತು ಬರತ್ತೆ. ಬೆಳಗ್ಗೆಯಿಂದ ಎಲ್ಲ ಗ್ರೂಪಲ್ಲೂ ಇದೇ.”

ಒಡೆದ ಗೋಡೆಯ ಪಕ್ಕ ಒಬ್ಬ ಬಿದ್ದಿದ್ದ. ಅಂಗಿ ಎದೆಯ ಮೇಲಕ್ಕೆ ಸರಿದಿತ್ತು. ಸೊಂಟದ ಕೆಳಗೆ ಬಟ್ಟೆಯೇ ಇರಲಿಲ್ಲ. ಹೊಟ್ಟೆ ಹೊಟ್ಟೆಯಾಗಿ ಉಳಿದಿರಲಿಲ್ಲ. ಮುಖ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅದು ಅಕ್ಕನ ತಮ್ಮನ ಮುಖ.

ಯುದ್ಧ ನಡೆಯುತ್ತಿದ್ದ ಊರಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು. ಸತ್ತು ತಿಂಗಳಾಗುತ್ತ ಬಂದಿತ್ತು. ಮಲಗಿದ್ದಾಗ ಛಾವಣಿ ಕುಸಿಯಿತು, ಅವನಿಗೆ ಗೊತ್ತೇ ಆಗಲಿಲ್ಲ ಎಂದು ಅಮ್ಮನನ್ನು ನಂಬಿಸಿದ್ದರು. ಆ ಸುಳ್ಳನ್ನು ಹಿಡಿದುಕೊಂಡೇ ಅಮ್ಮ ದಿನಕ್ಕೆ ಎರಡು ತುತ್ತು ಉಣ್ಣುತ್ತಿದ್ದಳು. ಅಮ್ಮನ ಕೈಯಲ್ಲೂ ಒಂದು ಫೋನಿದೆ. ಅವಳು ಇದನ್ನು ನೋಡಿದರೆ?

ಮೊದಲು ಹಾಕಿದವರು ಯಾರೆಂದು ಫೋಟೋದಡಿಯ ಹೆಸರು ನೋಡಿದಳು. ಗಂಡನ ಅಣ್ಣ! ಅಕ್ಕ ಲೋಟ ಕುಕ್ಕಿ, ಯೂನಿಫಾರ್ಮಿನಲ್ಲೇ ಹೊರಟಳು.

ಭಾವನದು ಕನ್ನಡಕದ ಅಂಗಡಿ. ಗಿರಾಕಿಯೊಬ್ಬರ ಫ್ರೇಮಿಗೆ ಸ್ಕ್ರೂ ಬಿಗಿಯುತ್ತ ಕೂತಿದ್ದರು. ಗಿರಾಕಿ ಇದ್ದಾರೆಂದು ಅಕ್ಕ ನೋಡಲಿಲ್ಲ.

“ಭಾವ, ತೆಗೀರಿ ಅದನ್ನ. ಈಗಲೇ.”

“ಕೂತ್ಕೋಮ್ಮ ಮೊದ್ಲು. ಅಲ್ಲಿರೋ ಪರಿಚಯದವರು ನಿನ್ನೆ ಕಳ್ಸಿದ್ರು. ನಿನ್ನನ್ನ ಕೇಳ್ಬೇಕಿತ್ತು, ಒಪ್ತೀನಿ. ಆದ್ರೆ ಜನ ಯುದ್ಧ ಅಂದ್ರೆ ಕ್ರಿಕೆಟ್ ಸ್ಕೋರ್ ಥರ ಕೇಳ್ಕೊಂಡು ಊಟ ಮಾಡ್ತಿದಾರೆ. ಇದನ್ನ ನೋಡಿ ನೂರಾರು ಜನ ಅತ್ತಿದಾರೆ ಕಣಮ್ಮ. ನಮ್ಮ ಹುಡುಗನ ಸಾವು ದಂಡ ಆಗ್ಬಾರ್ದು ಅಂತ.”

“ಅವನ ಮುಖ ತೋರಿಸ್ಬೇಕಿದ್ರೆ ನಗ್ತಿರೋ ಫೋಟೋ ಇರ್ಲಿಲ್ವಾ ನಿಮ್ಹತ್ರ?”

“ನಗ್ತಿರೋದನ್ನ ಯಾರು ನೋಡ್ತಾರೆ ಹೇಳು.”

ಭಾವ ಒಳ್ಳೆಯ ಮನುಷ್ಯ. ಸಿಟ್ಟು ನೆತ್ತಿಗೇರುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ನಾಲ್ಕು ಬೈದು, ಸಂಬಂಧ ಹರಿದುಕೊಂಡು ಹೋಗಬಹುದಿತ್ತು.

“ನಮ್ಮ ವಾರ್ಡಿಗೆ ಹೆಸರು ದೆಸೆ ಇಲ್ಲದ ಹೆಣ ಬಂದ್ರೂ ಮೊದ್ಲು ಬಟ್ಟೆ ಹೊದಿಸ್ತೀವಿ, ಮಿಕ್ಕಿದ್ದೆಲ್ಲ ಆಮೇಲೆ. ನೀವು ಸ್ವಂತ ಮನೆಯವನನ್ನ ಬೀದಿಲಿ ಬಿಚ್ಚಿ ಮಲಗ್ಸಿದೀರ! ಅಮ್ಮ ನೋಡಿದ್ರೆ ಏನ್ಮಾಡ್ತೀರಿ?”

“ಅಮ್ಮಂಗೆ ನಾನು ಕಳ್ಸಿಲ್ಲ. ಅಷ್ಟೂ ಬುದ್ಧಿ ಇಲ್ವಾ ನಂಗೆ?”

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಅಮ್ಮ. “ಮನೆಗೆ ಬಾ. ನಿನ್ನ ಭಾವನ್ನೂ ಕರ್ಕೊಂಡು ಬಾ,” ಎಂದಷ್ಟೇ ಹೇಳಿ ಇಟ್ಟಳು.

ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಪಕ್ಕದ ಮನೆಯವಳು ಸಂತಾಪ ಹೇಳುವ ಜೊತೆಗೆ ಆ ಫೋಟೋವನ್ನೂ ಕಳಿಸಿದ್ದಳಂತೆ. ಅದರಡಿ ಭಾವನ ಹೆಸರಿತ್ತು. ಅಮ್ಮನ ಕಣ್ಣಲ್ಲಿ ನೀರಿರಲಿಲ್ಲ.

“ಅಲ್ಲಪ್ಪಾ, ಫೋಟೋ ತೆಗೆಯೋಕೆ ಒಬ್ಬನಿಗೆ ಕೈ ಬಂತು. ಕಳ್ಸೋಕೆ ನಿಂಗೆ ಕೈ ಬಂತು. ಇಷ್ಟು ಜನ ಕೈಯಿಂದ ಕೈಗೆ ದಾಟಿಸಿದೀರಲ್ಲ, ಅವನ ಅಂಗಿ ಕೆಳಗೆಳೆಯೋಕೆ ಒಬ್ಬರಿಗೂ ಕೈ ಬರ್ಲಿಲ್ವಾ? ಮೀಸೆ ಬಂದ್ಮೇಲೆ ಹೆತ್ತ ನನ್ನೆದುರೇ ಅವನು ಅಂಗಿ ಬಿಚ್ತಿರ್ಲಿಲ್ಲ. ಬಾಗ್ಲು ಹಾಕ್ಕೊಳ್ತಿದ್ದ.”

ಭಾವ ಜೇಬಿಗೆ ಕೈ ಹಾಕಿದರು. ಫೋನು ತೆಗೆದು ಅಲ್ಲೇ ಅಳಿಸಿದರು.

“ಬೇರೆಯವರ ಹತ್ರ ಇರೋದು?” ಅಮ್ಮ ಕೇಳಿದಳು.

“ಅದು ನನ್ನ ಕೈಲಿಲ್ಲ ಅಮ್ಮ.”

“ಹಾಕೋವಾಗ ನಿಮ್ಮ ಕೈಲಿತ್ತಲ್ಲ,” ಅಕ್ಕ ಗುಡುಗಿದಳು.

ಭಾವ ನೆಲದ ಮೇಲೆ ಕೂತರು. ಫೋಟೋ ಹಂಚಿದವರ ಹೆಸರುಗಳನ್ನು ತೆರೆದು, ದಯವಿಟ್ಟು ತೆಗೆಯಿರಿ ಎಂದು ಒಬ್ಬೊಬ್ಬರಿಗೇ ಬರೆಯತೊಡಗಿದರು. ಯಾಕೆ ಎಂದು ಕೇಳಿದರು ಕೆಲವರು. ನಾವು ನಿಮ್ಮ ಪರವೇ ಅಲ್ಲವೇ ಎಂದರು ಇನ್ನು ಕೆಲವರು. ಭಾವ ಅವನ್ನು ಗಟ್ಟಿಯಾಗಿ ಓದಿದರು. ಅಮ್ಮ ಕೈ ಚಾಚಿದಳು.

“ಕೊಡಿಲ್ಲಿ. ನಾನು ಹೇಳ್ತೀನಿ.”

ಭಾವ ರೆಕಾರ್ಡ್ ಬಟನ್ ಒತ್ತಿ ಹಿಡಿದರು. ಅಮ್ಮ ಫೋನಿನೊಳಗೆ ಹೇಳಿದಳು: “ನಾನು ಅವನ ತಾಯಿ. ನೋಡಿದ್ದು ಸಾಕು, ತೆಗೀರಿ.”

ಅದನ್ನೇ ಎಲ್ಲರಿಗೂ ಕಳಿಸಿದರು. ತೆಗೆದೆ ಅಮ್ಮ, ತಪ್ಪಾಯ್ತು ಎಂದು ಒಬ್ಬ ಬರೆದ. ಇನ್ನೊಬ್ಬಳು ಏನೂ ಹೇಳದೆ ತೆಗೆದಳು. ಮೂರನೆಯವನ ಉತ್ತರ ಬಂತು: “ಎಂಥಾ ದನಿ ಸಾರ್! ಮೈ ಜುಮ್ಮಂತು. ಫೋಟೋ ಜೊತೆ ಇದನ್ನೂ ಸೇರಿಸಿ ಹಾಕ್ಲಾ?”

ಭಾವನ ಮುಖ ಕೆಂಡವಾಯಿತು. ಬರೆಯುತ್ತ ಕೂರಲಿಲ್ಲ. ನೇರವಾಗಿ ಕರೆ ಮಾಡಿ, ಆ ಕಡೆಯವನು ಹಲೋ ಅನ್ನುವ ಮೊದಲೇ ಕಿರುಚಿದರು:

“ಬೇಡ! ಆ ತಾಯಿ ನಿಂಗೆ ಹೇಳಿದ್ದು ಕಣಯ್ಯಾ, ಊರಿಗಲ್ಲ!”

ಫೋನಿಟ್ಟು ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮುಂದಿನ ಹೆಸರು ತೆರೆದರು.